ಕೋಟೆಗೋಡೆಯ ಮೇಲೆ ತೋಟ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಮಾಲ್ಟಾದ ವಲೆಟ್ಟಾದಲ್ಲಿ ಬಂದರಿನ ಕೋಟೆಗೋಡೆಯ ನೆತ್ತಿಯ ಮೇಲೇ ಉದ್ಯಾನವಿದೆಯಂತೆ. ನಮ್ಮ ಹಿತ್ತಿಲ ಧರೆಗೆ ಎಂಟಡಿ ಎತ್ತರ ಜಂಬಿಟ್ಟಿಗೆ ಕಟ್ಟಿಸಿದ್ದೇವೆ. ಅದರ ಮೇಲೂ ಹಾಗೆ ಮಾಡಬಹುದೆ? ಗೋಡೆ ನಡುವೆ ಸ್ವಲ್ಪ ಹೊಟ್ಟೆ ಬಿಟ್ಟಿದೆ.
– ಓದುಗರು, ತೀರ್ಥಹಳ್ಳಿ

ಉತ್ತರ: ಮೊದಲು ಹೊಟ್ಟೆಯ ವಿಚಾರ, ತೋಟ ಆಮೇಲೆ. ಗೋಡೆಯ ತಲೆಯಿಂದ ತೂಗುಗುಂಡು ಇಳಿಬಿಟ್ಟು, ದಾರಕ್ಕೂ ಕಲ್ಲಿಗೂ ಇರುವ ಅಂತರವನ್ನು ಮೂರು ಕಡೆ ಅಳೆದು ಬರೆದಿಡಿ. ದೊಡ್ಡ ಮಳೆಯಾದಾಗಲೆಲ್ಲ ಅದೇ ಜಾಗಗಳಲ್ಲಿ ಮತ್ತೆ ಅಳೆಯಿರಿ. ಅಳತೆ ಬದಲಾಗುತ್ತಿದ್ದರೆ ಮೇಲೆ ಒಂದು ಬುಟ್ಟಿ ಮಣ್ಣನ್ನೂ ಹಾಕಬೇಡಿ, ಎಂಜಿನಿಯರ್‌ಗೆ ತೋರಿಸಿ.

ನೀವು ಕೇಳಿದ್ದು ಅಪ್ಪರ್ ಬರಾಕ್ಕಾ ಉದ್ಯಾನ. 1565ರಲ್ಲಿ ತುರ್ಕರು ಮಾಲ್ಟಾಕ್ಕೆ ಹಾಕಿದ ಮುತ್ತಿಗೆಯ ಮರುವರ್ಷ ಅಡಿಗಲ್ಲು ಬಿದ್ದ ಊರಿನ ಕೊತ್ತಲದ ಮೇಲಿದೆ, ಕಮಾನುಗಳು 1661ರವು. ಫಿರಂಗಿ ಗುಂಡು ತಡೆಯಲೆಂದೇ ಎದ್ದ ಗೋಡೆ ಅದು. ಅಲ್ಲಿನ ಮಳೆ ವರ್ಷಕ್ಕೆ ಸುಮಾರು 550 ಮಿ.ಮೀ.; ನಿಮ್ಮ ಪಕ್ಕದ ಆಗುಂಬೆಯಲ್ಲಿ 7000 ದಾಟುತ್ತದೆ. ಅವರಿಗೆ ನೀರು ಹಿಡಿದಿಡುವ ಚಿಂತೆ, ಹಳೆಯ ಕಾಲದಲ್ಲಿ ಮನೆಗೊಂದು ನೆಲತೊಟ್ಟಿ ಇರಲೇಬೇಕೆಂಬ ಕಟ್ಟಳೆಯೇ ಇತ್ತು. ನಿಮಗೆ ನೀರು ಹೊರಹಾಕುವ ಚಿಂತೆ.

ಮಲೆನಾಡಿನಲ್ಲಿ ಇಂಥ ಗೋಡೆ ಬೀಳುವುದು ಹೆಚ್ಚಾಗಿ ಮಣ್ಣಿನ ಭಾರಕ್ಕಲ್ಲ, ಬೆನ್ನ ಹಿಂದೆ ನಿಂತ ನೀರಿನ ಒತ್ತಡಕ್ಕೆ. ಆದ್ದರಿಂದ ನೆಲದಿಂದ ಒಂದಡಿ ಮೇಲೆ, ಐದಾರು ಅಡಿಗೊಂದರಂತೆ ಮೂರಿಂಚಿನ ಪಿವಿಸಿ ಪೈಪು ಹೊರಮುಖಕ್ಕೆ ಇಳಿಜಾರಾಗಿ ಇರಬೇಕು. ಅದರ ಹಿಂದೆ ಒಂದಡಿ ದಪ್ಪ ಜಲ್ಲಿ, ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ಬಟ್ಟೆಯ ಖರ್ಚು ಉಳಿಸಲು ಹೋದರೆ ಎರಡು ಮಳೆಗಾಲದಲ್ಲಿ ಕೆಸರು ಕಟ್ಟಿ ಪೈಪು ಇದ್ದೂ ಇಲ್ಲದಂತೆ. ಜೋರು ಮಳೆಯಲ್ಲೂ ಪೈಪಿನಿಂದ ಹನಿ ಬಾರದಿದ್ದರೆ ಕಟ್ಟಿದೆಯೆಂದೇ ಅನುಮಾನಿಸಿ. ಕೆಂಪು ನೀರು ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ. ಧರೆಯ ಮೇಲಿನಿಂದ ಹರಿದುಬರುವ ನೀರನ್ನು ಅಗಳು ತೋಡಿ ಪಕ್ಕಕ್ಕೆ ತಿರುಗಿಸುವುದನ್ನು ಮರೆಯಬೇಡಿ.

ಇದಿಷ್ಟಾದ ಮೇಲೆ ಅಂಚಿಗೆ ಲಾವಂಚ, ಗೇಣಿಗೊಂದು ಬುಡ. ಹಲಸು, ಮಾವು ಗೋಡೆಯ ಹತ್ತಿರ ಬೇಡ. ಕಲ್ಲಿನ ಸಂದಿಯಲ್ಲಿ ಅರಳಿ, ಆಲ ಹುಟ್ಟಿದರೆ ಎರಡೆಲೆಯಲ್ಲೇ ಬೇರುಸಹಿತ ಕೀಳಿ. ಕತ್ತಿಯಿಂದ ಸವರಿದರೆ ಅದು ಇನ್ನೂ ದಪ್ಪಗಾಗಿ ಚಿಗುರುತ್ತದೆ. ನಗರ, ಕವಲೇದುರ್ಗದ ಕೋಟೆಗಳಿಗೆ ಹೋದಾಗ ಗೋಡೆಗಳ ಸಂದಿಯನ್ನು ಗಮನಿಸಿ.

ಪ್ರಶ್ನೆ: ಅದೇ ಉದ್ಯಾನ ನೋಡಲು ಯಾವ ಹೊತ್ತು ಒಳ್ಳೆಯದು?
– ಓದುಗರು, ಸಾಗರ

ಉತ್ತರ: ಮಧ್ಯಾಹ್ನ 12 ಮತ್ತು ಸಂಜೆ 4ಕ್ಕೆ ಕೆಳಗಿನ ತೋಪುಖಾನೆಯಲ್ಲಿ ತೋಪು ಹಾರಿಸುತ್ತಾರೆ, ಕಟಕಟೆಯ ಬಳಿ ಜಾಗ ಬೇಕಾದರೆ ಕಾಲು ಗಂಟೆ ಮೊದಲೇ ನಿಲ್ಲಿ. ಬೆಳಿಗ್ಗೆ ಬಂದರಿನ ಕಡೆ ನೋಡಿದರೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ, ಫೋಟೊಗೆ 4ರ ಹೊತ್ತೇ ವಾಸಿ. ತೋಟಕ್ಕೆ ಟಿಕೆಟ್ ಇಲ್ಲ. ಬಂದರಿನ ದಡದಿಂದ ಹತ್ತಲು 2012ರಲ್ಲಿ ಶುರುವಾದ 58 ಮೀಟರ್ ಎತ್ತರದ ಲಿಫ್ಟ್ ಇದೆ. ಮಂಡಿನೋವಿನವರು ಇಳಿಯಲೂ ಅದನ್ನೇ ಹಿಡಿಯಲಿ.