ಮನೆ ಹತ್ರದ ಬೇಸಿಗೆ ಚಿತ್ರಸಂತೆಲಿ ಮೊದಲ ಸಲ ಸ್ಟಾಲ್ ಹಾಕ್ತಿದೀನಿ, ಏನೇನ್ ನೋಡ್ಕೋಬೇಕು?

ರೇಟ್ ಹೇಗೆ ಹಾಕ್ಲಿ, ಎಷ್ಟು ಪೇಂಟಿಂಗ್ ತಗೊಂಡು ಹೋಗ್ಲಿ, ಪರಿಚಯದವ್ರು ಬಂದು ಕಮ್ಮಿ ಮಾಡು ಅಂದ್ರೆ ಏನ್ ಹೇಳ್ಲಿ ಅಂತ ಕೇಳಿದೀರ. ಕೊನೇ ಪ್ರಶ್ನೆನೇ ಮೊದ್ಲು ತಗೋತೀನಿ, ಮನೆ ಹತ್ರ ಮಾರೋದ್ರಲ್ಲಿ ನಿಜವಾದ ಪೇಚಾಟ ಇರೋದೇ ಅಲ್ಲಿ.

ದೂರದಲ್ಲೆಲ್ಲೋ ಸ್ಟಾಲ್ ಹಾಕಿದ್ರೆ ಬರೋರೆಲ್ಲ ಅಪರಿಚಿತರು, ರೇಟ್ ಕೇಳ್ತಾರೆ, ಇಷ್ಟ ಆದ್ರೆ ತಗೋತಾರೆ ಇಲ್ಲಾಂದ್ರೆ ಮುಂದೆ ಹೋಗ್ತಾರೆ. ಮನೆ ಹತ್ರ ಹಾಗಲ್ಲ, ಪಕ್ಕದ ಮನೆ ಆಂಟಿ, ಸ್ಕೂಲಲ್ಲಿ ಜೊತೆಗಿದ್ದೋರು, ಅಮ್ಮನ ಫ್ರೆಂಡ್ಸು ಎಲ್ಲಾರೂ ಬಂದು "ನಮಗೆ ಎಷ್ಟಕ್ಕೆ ಕೊಡ್ತೀಯಾ ಹೇಳು" ಅಂತಾರೆ, ಅದೂ ಜೋರಾಗಿ, ಪಕ್ಕದಲ್ಲಿ ಇನ್ನೊಬ್ರು ಅದೇ ಚಿತ್ರಾನ ಕಣ್ಣು ಕಿರಿದು ಮಾಡ್ಕೊಂಡು ನೋಡ್ತಾ ನಿಂತಿರೋವಾಗ್ಲೇ! ನೀವು ಅಲ್ಲಿ ಒಂದ್ ಸಲ ಇಳಿಸಿದ್ರೆ ಆಯ್ತು, ಆ ಪಕ್ಕದೋರು ಪೂರ್ತಿ ರೇಟು ಕೊಡಲ್ಲ. ಅದಕ್ಕೇ ಪ್ರತಿ ಚಿತ್ರದ ಪಕ್ಕ ಚೀಟಿ ಅಂಟಿಸಿಬಿಡಿ, ಹೆಸರು, ಸೈಜು, ಮೀಡಿಯಂ (ಅಕ್ರಿಲಿಕ್ಕಾ, ವಾಟರ್‌ಕಲರಾ ಅಂತ), ರೇಟು. ನಮ್ಮೋರಿಗೂ ಅದೇ, ಬೇರೆಯೋರಿಗೂ ಅದೇ. ಸ್ನೇಹಕ್ಕೆ ಏನೂ ಮಾಡ್ದೇ ಇದ್ರೆ ಹೇಗೆ ಅನ್ಸಿದ್ರೆ ಪೋಸ್ಟ್‌ಕಾರ್ಡ್ ಸೈಜಿನ ಒಂದು ಪ್ರಿಂಟ್ ಜೊತೆಗಿಟ್ಟು ಕೊಡಿ, ಅವ್ರಿಗೂ ಖುಷಿ, ನಿಮ್ ರೇಟೂ ಉಳೀತು. ಇನ್ನೊಂದು ಮಾತು ಬರುತ್ತೆ, "ಮನೆ ಇಲ್ಲೇ ಅಲ್ವಾ, ಆಮೇಲೆ ಬಂದು ತಗೋತೀನಿ" ಅಂತ. ನಕ್ಕೊಂಡೇ ಹೇಳಿ, ಸ್ವಲ್ಪ ಅಡ್ವಾನ್ಸ್ ಕೊಟ್ರೆ ಕೆಂಪು ಚುಕ್ಕೆ ಸ್ಟಿಕರ್ ಹಾಕಿ ಎತ್ತಿಡ್ತೀನಿ ಅಂತ. ಅಡ್ವಾನ್ಸ್ ಇಲ್ದೇ ಎತ್ತಿಟ್ಟಿದ್ದು ಸಂಜೆ ನಿಮ್ ಜೊತೇನೇ ವಾಪಸ್ ಬರುತ್ತೆ.

ಹಾಗೇ, ವಿಸಿಟಿಂಗ್ ಕಾರ್ಡ್ ಮೇಲೆ ಮನೆ ವಿಳಾಸ ಹಾಕ್ಬೇಡಿ. ಫೋನ್ ನಂಬರ್ರು, ಇನ್‌ಸ್ಟಾಗ್ರಾಮ್ ಸಾಕು. ಹೊತ್ತಲ್ಲದ ಹೊತ್ತಲ್ಲಿ ಗುರುತಿಲ್ಲದೋರು ಗೇಟ್ ಹತ್ರ ಬಂದು ನಿಲ್ಲೋದು ಯಾರಿಗೂ ಬೇಡ.

ಈಗ ರೇಟು. ಸುಮಾರು ಜನ ಚದರ ಇಂಚಿಗೆ ಇಷ್ಟು ಅಂತ ಹಾಕ್ತಾರೆ. ಅದ್ರಲ್ಲಿ ಒಂದು ತೊಡಕಿದೆ, 8x10 ಇಂಚಿನ ಚಿತ್ರ ಅಂದ್ರೆ 80 ಚದರ ಇಂಚು, 16x20 ಅಂದ್ರೆ 320, ಸೀದಾ 4 ಪಟ್ಟು ಆಗೋಯ್ತು. ಸಂತೆಗೆ ಸುಮ್ನೆ ಸುತ್ತಾಡ್ಕೊಂಡು ಹೋಗೋಣ ಅಂತ ಬಂದೋರು ದೊಡ್ಡದ್ರ ರೇಟ್ ನೋಡೇ ಹಿಂದೆ ಸರೀತಾರೆ. ಅದ್ರ ಬದ್ಲು ಉದ್ದ ಅಗಲ ಕೂಡಿಸಿ, 18 ಮತ್ತೆ 36 ಬರುತ್ತೆ, 2 ಪಟ್ಟು. ಆ ಕೂಡಿಸಿದ ನಂಬರಿಗೆ ನಿಮ್ಮದೊಂದು ರೇಟ್ ಇಟ್ಟು ಗುಣಿಸಿ, ಫ್ರೇಮು ಕ್ಯಾನ್ವಾಸ್ ಖರ್ಚು ಮೇಲೆ ಸೇರಿಸಿ. ತುಂಬಾ ದೊಡ್ಡ ಸೈಜಿಗೆ ಈ ಲೆಕ್ಕದಲ್ಲಿ ನಿಮಗೇ ಕಮ್ಮಿ ಬೀಳುತ್ತೆ, ಅಲ್ಲಿ ಕೈಯಿಂದ ಸರಿ ಮಾಡ್ಕೊಳಿ. ಒಂದೇ ಸೈಜು ಒಂದೇ ಮೀಡಿಯಂ ಆದ್ರೆ ಒಂದೇ ರೇಟ್ ಇರ್ಲಿ, "ಇದು ನನ್ನ ಫೇವರಿಟ್ಟು" ಅಂತ ಒಂದಕ್ಕೆ ಜಾಸ್ತಿ ಹಾಕೋದಾದ್ರೆ ಅದನ್ನ ಮನೇಲೇ ಇಟ್ಕೊಳೋದು ವಾಸಿ.

ಬೇಸಿಗೆ ಅಂದಿದೀರಲ್ಲ, ಬಿಸಿಲಿನ ವಿಷ್ಯ ಹಗುರವಾಗಿ ತಗೋಬೇಡಿ. ಅಕ್ರಿಲಿಕ್ ಬಣ್ಣ ಒಣಗಿದ ಮೇಲೂ ಪ್ಲಾಸ್ಟಿಕ್ಕೇ, ಶಾಖಕ್ಕೆ ಮೆತ್ತಗಾಗುತ್ತೆ. ನನ್ ಪಕ್ಕದ ಸ್ಟಾಲಿನ ಹುಡುಗ ಒಬ್ಬ ಎರಡು ಕ್ಯಾನ್ವಾಸ್ ಮುಖಕ್ಕೆ ಮುಖ ಇಟ್ಟು ಬಿಸಿಲಲ್ಲಿ ನಿಂತಿದ್ದ ಕಾರಲ್ಲಿ ಬಿಟ್ಟಿದ್ದ, ತೆಗೀವಾಗ ಟೇಪ್ ಕಿತ್ತಂಗೆ ಚರ್ರ್ ಅಂತ ಸದ್ದು, ಒಂದ್ರ ಆಕಾಶ ಇನ್ನೊಂದ್ರ ಮೇಲೆ ತೇಪೆ ತೇಪೆಯಾಗಿ ಕೂತಿತ್ತು. ಬಬಲ್ ರ್ಯಾಪ್ ಸುತ್ತೋದಾದ್ರೂ ಗುಳ್ಳೆ ಭಾಗ ಹೊರಕ್ಕಿರ್ಲಿ, ಇಲ್ಲಾಂದ್ರೆ ಚಿತ್ರದ ಮೇಲೆ ಸಾಲಾಗಿ ಉಂಗುರದ ಗುರುತು ಬೀಳುತ್ತೆ. ಮೂಲೆಗಳಿಗೆ ರಟ್ಟು ಕೊಟ್ಟು ಚಿತ್ರಕ್ಕೆ ಏನೂ ತಾಗದೇ ಇರೋ ಹಾಗೆ ಮಾಡಿದ್ರೆ ಇನ್ನೂ ಒಳ್ಳೇದು.

ಗಾಜು ಹಾಕಿದ ವಾಟರ್‌ಕಲರ್‌ದು ಬೇರೆ ಕಥೆ, ಬಿಸಿಲು ಬಿದ್ರೆ ಪೇಪರಲ್ಲಿರೋ ತೇವ ಹೊರಬಂದು ಗಾಜಿನ ಒಳಗಡೆ ಮಂಜು ಕಟ್ಟುತ್ತೆ, ನೋಡೋರಿಗೆ ಚಿತ್ರಾನೇ ಕಾಣಲ್ಲ. ಬಣ್ಣ ಹೋಗುತ್ತಾ ಅಂತ ಖಂಡಿತ ಕೇಳ್ತಾರೆ. ಒಂದು ದಿನದ ಬಿಸಿಲಿಗೆ ಕಣ್ಣಿಗೆ ಕಾಣೋಷ್ಟು ಹೋಗೋದು ಅಪರೂಪ, ಆದ್ರೆ ಅಸಲಿ ಅಲಿಜರಿನ್ ಕ್ರಿಮ್ಸನ್ ಅನ್ನೋ ಕಡುಗೆಂಪು, ಫ್ಲೋರೆಸೆಂಟ್ ಗುಲಾಬಿ ಇಂಥವು ಗೋಡೆ ಮೇಲೆ ಬೆಳಕಿಗೆ ವರ್ಷಗಳಲ್ಲಿ ಮಾಸೋದು ನಿಜ. ಬಣ್ಣದ ಟ್ಯೂಬ್ ಮೇಲೆ ಸಾಮಾನ್ಯವಾಗಿ ಲೈಟ್‌ಫಾಸ್ಟ್‌ನೆಸ್, ಅಂದ್ರೆ ಬೆಳಕಿಗೆ ಮಾಸದೇ ಎಷ್ಟು ತಡೆಯುತ್ತೆ ಅಂತ ಬರೆದಿರ್ತಾರೆ, ಎಎಸ್‌ಟಿಎಂ ಅನ್ನೋ ಮಾನದಂಡದಲ್ಲಿ 1 ಅಥವಾ 2 ಇದ್ರೆ ಬೇಗ ಮಾಸಲ್ಲ ಅಂತ ಧೈರ್ಯವಾಗಿ ಹೇಳ್ಬಹುದು. ಪ್ರಿಂಟ್ ಮಾಡಿಸ್ತಿದ್ರೆ ಪಿಗ್ಮೆಂಟ್ ಇಂಕಾ ಡೈ ಇಂಕಾ ಅಂತ ಕೇಳ್ಕೊಳಿ, ಸಾಮಾನ್ಯವಾಗಿ ಡೈ ಬೇಗ ಮಾಸುತ್ತೆ.

ಮೇಲೆ ಬಿಳೀ ಬಟ್ಟೆ ಇರೋ ಟೆಂಟೇ ತಗೊಳಿ. ನೀಲಿ ಟಾರ್ಪಾಲ್ ಕೆಳಗೆ ನಿಮ್ಮ ಹಳದಿ ಎಲ್ಲ ಹಸಿರಾಗಿ ಕಾಣುತ್ತೆ, ತಗೊಂಡೋರು ಮನೆಗೆ ಹೋಗಿ "ಅಲ್ಲಿ ನೋಡಿದ್ದು ಇದಲ್ಲ" ಅಂತಾರೆ. ಟೆಂಟಿನ ನಾಲ್ಕೂ ಕಾಲಿಗೆ ಭಾರ ಕಟ್ಟಿ, 20 ಲೀಟರ್ ನೀರಿನ ಕ್ಯಾನ್ ತುಂಬಿದ್ರೆ 20 ಕೆಜಿ, ಕಾಲಿಗೊಂದು. ಗಾಳಿ ಬಂದಾಗ ಚಿತ್ರ ತುಂಬಿದ ಟೆಂಟ್ ಹಾಯಿ ಇದ್ದಂಗೆ, ಎತ್ಕೊಂಡೇ ಹೋಗುತ್ತೆ. ಜಾಗ ಆರಿಸ್ಕೊಳೋಕೆ ಬಿಟ್ರೆ ಮಧ್ಯಾಹ್ನದ ಮೇಲೆ ಪಶ್ಚಿಮದ ಬಿಸಿಲು ಮುಖಕ್ಕೆ ಹೊಡೆಯದ ಕಡೆ ನೋಡ್ಕೊಳಿ.

ಎಷ್ಟು ತಗೊಂಡು ಹೋಗೋದು ಅಂದ್ರೆ, ಮನೆ ಹತ್ರ ಇರೋದ್ರ ನಿಜವಾದ ಲಾಭ ಇದೇನೇ, ಎಲ್ಲಾ ಒಟ್ಟಿಗೆ ಹೇರ್ಕೊಂಡು ಹೋಗ್ಬೇಕಾಗಿಲ್ಲ. ಸ್ಟಾಲಿನ ಗೋಡೆಲಿ ಚಿತ್ರಗಳ ಮಧ್ಯೆ ಉಸಿರಾಡೋಕೆ ಜಾಗ ಬಿಟ್ಟು ನೇತು ಹಾಕಿ, ಖಾಲಿ ಆದಂಗೆ ಮನೆಯಿಂದ ಯಾರಾದ್ರೂ ತಂದುಕೊಡ್ಲಿ. ಸಣ್ಣ ಪ್ರಿಂಟ್‌ಗಳು ಒಂದು ಡಬ್ಬದಲ್ಲಿ ನಿಲ್ಲಿಸಿಡಿ, ಜನಕ್ಕೆ ಒಂದೊಂದೇ ತಿರುವಿ ನೋಡೋದು ಇಷ್ಟ, ಅಷ್ಟೊತ್ತು ನೀವು ಮಾತಾಡದೇ ಇರಿ ಪ್ಲೀಸ್. ಫೋನಲ್ಲಿ ಮುಳುಗಿ ಕೂರೋದೂ ಬೇಡ, ಒಂದು ಸ್ಕೆಚ್‌ಬುಕ್ ಹಿಡ್ಕೊಂಡು ಏನಾದ್ರೂ ಗೀಚ್ತಿರಿ, ಅದನ್ನ ನೋಡೋಕೇ ನಾಲ್ಕು ಜನ ನಿಲ್ತಾರೆ.

"ನಮ್ಮ ಮನೆದು ಒಂದು ಬರ್ಕೊಡ್ತೀರಾ" ಅಂತ ಆರ್ಡರ್ ಬಂದ್ರೆ ಬಾಯಿಮಾತಲ್ಲಿ ಬಿಡ್ಬೇಡಿ. ಸೈಜು, ಯಾವತ್ತು ಕೊಡೋದು, ಎಷ್ಟು ಸಲ ತಿದ್ದಿ ಕೊಡ್ತೀರಿ, ಮೂರೂ ಅಲ್ಲೇ ವಾಟ್ಸಾಪಲ್ಲಿ ಬರೆದು ಕಳ್ಸಿ, ಅರ್ಧ ದುಡ್ಡು ಬಂದ ಮೇಲೇನೇ ಬ್ರಷ್ ಎತ್ತಿ. ಪಕ್ಕದ ಮನೆ ಆಂಟಿದಾದ್ರೂ ಅಷ್ಟೇ.