‘ನೋಡೋಣ’ ಅಂದರೆ ಹೂಂ ಅಂತಲೇ ಲೆಕ್ಕ

ಹೆಸರು ಹೇಳುವುದಿಲ್ಲ. ವಯಸ್ಸು, ಮೊತ್ತ, ಇನ್ನು ಕೆಲವು ವಿವರ ಬದಲಿಸಿದ್ದೇನೆ. ಊರಲ್ಲಿ ಎಲ್ಲರೂ ಅವರನ್ನು ಮೇಷ್ಟ್ರೇ ಅನ್ನುತ್ತಾರೆ, ಇಲ್ಲೂ ಹಾಗೇ ಇರಲಿ.

ಮೇಷ್ಟ್ರಿಗೆ 41 ವರ್ಷ. ಸರ್ಕಾರಿ ಶಾಲೆಯಲ್ಲಿ ಕೆಲಸ. ಎಂಟು ತಿಂಗಳಿಂದ ಹೊಟ್ಟೆ ಉರಿ, ರಾತ್ರಿ ಮೂರಕ್ಕೆಲ್ಲ ಎಚ್ಚರ. ಎಂಡೋಸ್ಕೋಪಿಯಲ್ಲಿ ಏನೂ ಸಿಗದೆ ಡಾಕ್ಟರು ಮನಸ್ಸಿನ ಸಲಹೆಗೆ ಅಂತ ನನ್ನ ಹತ್ತಿರ ಕಳಿಸಿದ್ದರು. ಅವರು ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದಿದ್ದ ಹೆಂಡತಿ ಮೊಬೈಲನ್ನು ನನ್ನ ಮುಂದೆ ಹಿಡಿದರು. ಸಂಬಳದ ಚೀಟಿ. ಕಡಿತದ ಸಾಲಿನಲ್ಲಿ 6,400 ರೂಪಾಯಿ.

“ಇದು ನಮ್ಮ ಸಾಲ ಅಲ್ಲ ಮೇಡಂ. ಇವರ ಜೊತೆ ಕೆಲಸ ಮಾಡ್ತಿದ್ದವರದ್ದು. ಇವರು ಸೊಸೈಟಿಯಲ್ಲಿ ಜಾಮೀನು ಹಾಕಿದ್ರು. ಅವರು ಕಟ್ಟೋದು ನಿಲ್ಲಿಸಿದ್ರು. ದಾಕ್ಷಿಣ್ಯಕ್ಕೆ ಬಸಿರಾಗೋದು ಅಂತಾರಲ್ಲ, ಇದೇ ನೋಡಿ.”

ಮೇಷ್ಟ್ರು ನಕ್ಕರು. ತಮ್ಮನ್ನೇ ಬೈಯುತ್ತಿದ್ದರೂ ಎದುರಿನವರಿಗೆ ಮುಜುಗರ ಆಗಬಾರದು ಅಂತ ನಗುವವರ ನಗು ಅದು.

ಹೀಗೆ ಮೂರು ಜನರಿಗೆ ಜಾಮೀನು ಹಾಕಿದ್ದರು. ಈಗ ಷಡ್ಡಕ 5 ಲಕ್ಷದ ಸಾಲಕ್ಕೆ ನಾಲ್ಕನೆಯದು ಕೇಳುತ್ತಿದ್ದರು. ಕೇಳಿದಾಗ ಮೇಷ್ಟ್ರು “ನೋಡೋಣ” ಅಂದಿದ್ದರು. ಶಾಲೆಯಲ್ಲೂ ಅದೇ ಕಥೆ. ಬಿಸಿಯೂಟದ ಲೆಕ್ಕ, ಮಕ್ಕಳ ಮಾಹಿತಿ ಕಂಪ್ಯೂಟರಿಗೆ ಹಾಕೋದು, ವೋಟರ್ ಲಿಸ್ಟ್ ಕೆಲಸ, ಎಲ್ಲ ಅವರ ತಲೆಗೇ. ನಿದ್ದೆ ಇಲ್ಲದವರನ್ನು ನಾನು ನೇರವಾಗಿ ಕೇಳುವ ಒಂದು ಪ್ರಶ್ನೆ ಇದೆ: ಸಾಯಬೇಕು ಅನ್ನಿಸಿದ್ದುಂಟಾ? ಇಲ್ಲ ಅಂದರು. ಹಾಗೆ ಅನ್ನಿಸುತ್ತಿದ್ದರೆ ಸಲಹೆಯ ದಿನಕ್ಕೆ ಕಾಯಬೇಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು.

ಮೊದಲ ಎರಡು ಭೇಟಿಯಲ್ಲಿ ತಪ್ಪು ಮಾಡಿದವಳು ನಾನೇ. ವಾರದಲ್ಲಿ ಒಬ್ಬರಿಗೆ ‘ಆಗಲ್ಲ’ ಅಂದು ಬನ್ನಿ ಅಂತ ಕಳಿಸಿದೆ. ಮುಂದಿನ ವಾರ ಬಂದು, ಹೆಡ್‌ಮಾಸ್ಟರಿಗೆ ಹೇಳಿದೆ, ತುಂಬಾ ಉಪಯೋಗ ಆಯ್ತು ಅಂದರು. ನಾನೂ ಖುಷಿಪಟ್ಟೆ. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಅವರ ಹೆಂಡತಿ ಮೆಲ್ಲಗೆ ಹೇಳಿದರು, “ಏನೂ ಹೇಳಿಲ್ಲ ಮೇಡಂ. ನಿಮಗೆ ಬೇಜಾರಾಗುತ್ತೆ ಅಂತ ಹಾಗಂದ್ರು.”

ಅಂದರೆ ಅವರು ಖುಷಿಪಡಿಸಬೇಕಾದವರ ಪಟ್ಟಿಯಲ್ಲಿ ನನ್ನ ಹೆಸರೂ ಸೇರಿತ್ತು.

ಮೂರನೇ ಭೇಟಿಯಲ್ಲಿ ಹೋಂವರ್ಕ್ ವಿಷಯವನ್ನೇ ಎತ್ತಲಿಲ್ಲ. ಈ ರೂಮಿನಲ್ಲಿ ನಿಮಗೆ ಇಷ್ಟ ಇಲ್ಲದ್ದು ಏನಾದರೂ ಇದೆಯಾ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಮೇಜಿನ ಮೇಲಿದ್ದ ಲೋಟ ನೋಡುತ್ತಾ, “ನಾನು ಟೀ ಕುಡಿಯೋದಿಲ್ಲ ಮೇಡಂ. ಹೊಟ್ಟೆ ಉರಿ ಜಾಸ್ತಿ ಆಗುತ್ತೆ” ಅಂದರು. ಎರಡು ವಾರ ನಾನು ಕೊಟ್ಟ ಟೀಯನ್ನು ಕೊನೇ ಗುಟುಕಿನವರೆಗೆ ಕುಡಿದಿದ್ದರು! ಟೀ ತೆಗೆಸಿ ಬಿಸಿನೀರು ತರಿಸಿದೆ. ಆಗ ಅವರ ಮುಖದಲ್ಲಿದ್ದ ಗಾಬರಿ ಟೀಗಿಂತ ಬಹಳ ಹಳೆಯದು.

ಐದನೇ ಕ್ಲಾಸಿನಿಂದ ಓದಿದ್ದು ಸೋದರಮಾವನ ಮನೆಯಲ್ಲಿ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. “ಅತ್ತೆ ಅನ್ನ ಬಡಿಸುವಾಗ ಸೌಟು ಪಾತ್ರೆಯ ತಳಕ್ಕೆ ತಾಗಿದ ಸದ್ದು ಕೇಳಿದ್ರೆ ಸಾಕು, ನನಗೆ ಹೊಟ್ಟೆ ತುಂಬ್ತು ಅಂದುಬಿಡ್ತಿದ್ದೆ.” ಬಂದವರ ಮುಂದೆಲ್ಲ ಅತ್ತೆ ಹೊಗಳುತ್ತಿದ್ದರಂತೆ, ಬಂಗಾರದಂಥ ಹುಡುಗ, ಬೇಕು ಅಂತ ಬಾಯೇ ಬಿಡಲ್ಲ ಅಂತ. ಆ ಮನೆಯಲ್ಲಿ ಆ ಹುಡುಗನಿಗೆ ಅದು ಬೇಕಾಗಿತ್ತು. ಅದು ಕಾಯಿಲೆ ಅಲ್ಲ, ಉಪಾಯ. ಆದರೆ ಮೇಷ್ಟ್ರು ಈಗಲೂ ಎಲ್ಲರ ಮನೆಯ ಸೌಟಿನ ಸದ್ದಿಗೇ ಕಿವಿ ಕೊಟ್ಟು ಕೂತಿದ್ದರು.

ಇಲ್ಲ ಅನ್ನುವುದು ಇಂಥವರಿಗೆ ಬರುವುದಿಲ್ಲ ಅಂತ ಅನೇಕರು ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮಾತು ಬರುತ್ತದೆ. ಅಂದ ಮೇಲೆ ಎದುರಿನವರ ಮುಖ ಸಪ್ಪಗಾಗುತ್ತದಲ್ಲ, ಆ ಹೊತ್ತನ್ನು ತಡೆದುಕೊಳ್ಳಲು ಆಗುವುದಿಲ್ಲ. ಹಾಗಾಗಿ ನಾವು ಅಭ್ಯಾಸ ಮಾಡಿದ್ದು ಅದನ್ನೇ. ತನ್ನ ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಹೇಳುವ ಅಭ್ಯಾಸ ಅಂಜಿಕೆಯನ್ನು ತಗ್ಗಿಸುತ್ತದೆ ಅಂತ ಮನೋವೈದ್ಯ ಜೋಸೆಫ್ ವೋಲ್ಪೆ 1958ರಲ್ಲೇ ಬರೆದಿದ್ದರು. ಕಸಿವಿಸಿಗೆ 0ಯಿಂದ 100ರವರೆಗೆ ಅಂಕ ಕೊಡುವ ಕ್ರಮವೂ ಅವರದ್ದೇ. ಮೇಷ್ಟ್ರಿಗೆ ಅಂಕ ಹಾಕುವುದು ಹೊಸದಲ್ಲ ಅಲ್ವಾ? ಒಂದು ಸಣ್ಣ ನೋಟ್‌ಬುಕ್ ಇಟ್ಟರು. ತರಕಾರಿ ಅಂಗಡಿಯಲ್ಲಿ ಕೊಳೆತ ಟೊಮೆಟೊ ವಾಪಸ್ ಕೊಟ್ಟಾಗ 70. ಮನೆ ತಲುಪುವಷ್ಟರಲ್ಲಿ 30. ಸಹೋದ್ಯೋಗಿಯ ಭಾನುವಾರದ ಕೆಲಸ ಬೇಡ ಅಂದಾಗ 85. ರಾತ್ರಿ ಊಟದ ಹೊತ್ತಿಗೆ 40. ತಾನಾಗಿ ಇಳಿಯುತ್ತದೆ ಅನ್ನುವುದನ್ನು ನಾನು ಹೇಳಿದ್ದಕ್ಕಿಂತ ಅವರದೇ ಕೈಬರಹ ಚೆನ್ನಾಗಿ ಹೇಳಿತು.

‘ನೋಡೋಣ’ವನ್ನು ಬಿಡಿಸಿದೆ. ಕೇಳುವವರ ಕಿವಿಗೆ ಅದು ಹೂಂ ಅಂತಲೇ ಬೀಳುತ್ತದೆ. ಅದರ ಬದಲು, “ನಾಳೆ ಸಂಜೆ ಹೇಳ್ತೀನಿ.” ಹೇಳಿದ ಹೊತ್ತಿಗೆ ಫೋನ್ ಮಾಡಬೇಕಾದವರು ಮೇಷ್ಟ್ರೇ. ಕೇಳಿದವರು ಮತ್ತೆ ಕೇಳಲಿ ಅಂತ ಕಾಯುವಂತಿಲ್ಲ.

ಜಾಮೀನಿನ ವಿಷಯದಲ್ಲಿ ಕಾನೂನನ್ನೂ ಹೇಳಬೇಕಾಯಿತು. “ಸುಮ್ನೆ ಒಂದು ಸಹಿ” ಅಂತ ಅವರು ನಂಬಿದ್ದರು. 1872ರ ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ, ಕರಾರಿನಲ್ಲಿ ಬೇರೆ ಥರ ಬರೆದಿಲ್ಲದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದ್ದೂ ಅಷ್ಟೇ. ಕಟ್ಟಿದ ಹಣವನ್ನು ಸಾಲಗಾರನಿಂದ ಕೇಳುವ ಹಕ್ಕು 145ನೇ ಕಲಂನಲ್ಲಿದೆ. ಅದಕ್ಕೆ ವಕೀಲರನ್ನು ನೋಡಿ ಅಂದೆ. ಆ ಮಾತು ನನ್ನ ಕೆಲಸ ಅಲ್ಲ.

ಷಡ್ಡಕನಿಗೆ ಏನು ಹೇಳುವುದು? ಮೇಷ್ಟ್ರ ಮೊದಲ ಕರಡು ಹೀಗಿತ್ತು: “ನನ್ನ ಹೆಂಡತಿ ಒಪ್ತಾ ಇಲ್ಲ.” ಇದಕ್ಕೆ ನಾನು ಒಪ್ಪಲಿಲ್ಲ. ತಾನು ಒಳ್ಳೆಯವನಾಗಿ ಉಳಿಯಲು ಹೆಂಡತಿಯನ್ನು ಕೆಟ್ಟವಳು ಮಾಡುವ ಮಾತು ಅದು. ಆಕೆಯ ತಂಗಿಯ ಮನೆಯಲ್ಲೇ ಆಕೆಯ ಹೆಸರು ಕೆಡುತ್ತದೆ. ಎರಡನೇ ಕರಡಿನಲ್ಲಿ ಐದು ಕಾರಣಗಳಿದ್ದವು. ಕಾರಣ ಕೊಟ್ಟರೆ ಅವರು ಒಂದೊಂದಕ್ಕೂ ಪರಿಹಾರ ಹುಡುಕಿಕೊಂಡು ಬರುತ್ತಾರೆ ಅಂದೆ. ಕೊನೆಗೆ ಉಳಿದದ್ದು ಇಷ್ಟು: “ನಾನು ಇನ್ನು ಯಾರಿಗೂ ಜಾಮೀನು ಹಾಕೋದಿಲ್ಲ. ನಿಮಗೂ ಹಾಕೋಕಾಗಲ್ಲ. ಬ್ಯಾಂಕಿಗೆ ಓಡಾಡೋದಿದ್ರೆ ಜೊತೆಗೆ ಬರ್ತೀನಿ.” ಕೊನೇ ವಾಕ್ಯ ಬೇಕಾ ಅಂತ ಚರ್ಚೆಯಾಯಿತು. ಅದು ಭಯದಿಂದ ಬಂದದ್ದಲ್ಲ, ನಿಜವಾಗಿಯೂ ಹೋಗುವ ಮನಸ್ಸಿದೆ ಅಂದರು. ಇರಲಿ ಅಂದೆ. ಸಂಬಂಧ ಕಡಿದು ಹಾಕಿ ಅನ್ನುವ ಸಲಹೆ ಈಗ ಎಲ್ಲ ಕಡೆ ಸಿಗುತ್ತದೆ. ಮುಂದಿನ ಮದುವೆಯಲ್ಲಿ ಅದೇ ಪಂಕ್ತಿಯಲ್ಲಿ ಕೂರಬೇಕಾದವರಿಗೆ ಅದು ಹೊಂದುವುದಿಲ್ಲ.

ಫೋನ್ ಮಾಡಿದರು. ಷಡ್ಡಕ “ಆಯ್ತು ಬಿಡಿ” ಅಂದು ಕಟ್ ಮಾಡಿದರಂತೆ. ನೋಟ್‌ಬುಕ್ಕಿನಲ್ಲಿ 95. ಮರುದಿನ ಬೆಳಿಗ್ಗೆಯೂ 60. ಎರಡು ತಿಂಗಳು ಆ ಮನೆಯಿಂದ ಮಾತಿಲ್ಲ, ಈಗಷ್ಟೇ ಹೂಂ, ಉಹೂಂ ಶುರುವಾಗಿದೆ. ಹಳೇ ಜಾಮೀನಿನ ಕಡಿತ ಇನ್ನೂ ನಡೆಯುತ್ತಿದೆ. ಹೊಟ್ಟೆ ಉರಿ ಕಮ್ಮಿಯಾಗಿದೆ, ಪೂರ್ತಿ ಹೋಗಿಲ್ಲ.

ಹತ್ತನೇ ಭೇಟಿಯ ಹಿಂದಿನ ದಿನ ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜ್ ಬಂತು. “ನಾಳೆ ಬರೋದಿಲ್ಲ ಮೇಡಂ. ಮಗಳ ಜೊತೆ ಸಂತೆಗೆ ಹೋಗ್ತಿದೀನಿ.” ಅದರ ಕೆಳಗೇ ಇನ್ನೊಂದು ಬಂದಿತ್ತು. ನಾನು ತೆರೆಯುವಷ್ಟರಲ್ಲಿ ಅದನ್ನು ಡಿಲೀಟ್ ಮಾಡಿದ್ದರು. ಏನಿತ್ತು ಅಂತ ನಾನು ಕೇಳಲಿಲ್ಲ.