ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್: 2019ರದ್ದೋ, 2021ರದ್ದೋ?

ಕಲಬುರಗಿ ಎಪಿಎಂಸಿಗೆ ತೊಗರಿ ಒಯ್ಯಲು 2019ರ ಪಿಕಪ್ ಸಾಕಾ, 2021ರದ್ದೇ ಬೇಕಾ ಅಂತ ಕೇಳಿದ್ದೀರಿ. 2020ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಬಿಎಸ್-6, ಅಂದರೆ ಹೊಗೆ ಮಾಲಿನ್ಯದ ಬಿಗಿ ಮಾನದಂಡ, ಕಡ್ಡಾಯವಾಯಿತು. ನಿಜವಾದ ವ್ಯತ್ಯಾಸ ಅಲ್ಲೇ ಇದೆ. ಬಿಎಸ್-6 ಡೀಸೆಲ್ ಗಾಡಿಯ ಸೈಲೆನ್ಸರ್ ಲೈನಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅಂತಾರಲ್ಲ, ಅದು. ಆ ಮಸಿ ಸುಟ್ಟುಹೋಗಲು ಇಂಜಿನ್ ಚೆನ್ನಾಗಿ ಬಿಸಿಯಾಗಿ ಒಂದಿಷ್ಟು ಹೊತ್ತು ಓಡಬೇಕು. ದಿನಾ ಮೂರ್ನಾಲ್ಕು ಕಿಲೋಮೀಟರ್ ಮಾತ್ರ ಓಡಿಸಿದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಖರ್ಚೂ ಜಾಸ್ತಿ. ಹುಮನಾಬಾದ್, ಬೀದರ್ ಅಂತ ಓಡಾಡುವವರಿಗೆ ಆ ಕಾಟ ಕಡಿಮೆ.

ಸಣ್ಣ ಓಡಾಟಕ್ಕೆ ನಾನಾದರೆ 2019ರದ್ದನ್ನೇ ಹಿಡಿಯುತ್ತೇನೆ. ಆದರೆ ಎಂಟು ವರ್ಷ ದಾಟಿದರೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್ನೆಸ್ ಸರ್ಟಿಫಿಕೇಟ್) ವರ್ಷವರ್ಷ ಮಾಡಿಸಬೇಕು. ಅದನ್ನು ಹೇಳಿ ರೇಟು ಇಳಿಸಿ. ಆರ್‌ಸಿಯಲ್ಲಿ ಗಾಡಿ ತಯಾರಾದ ತಿಂಗಳನ್ನೇ ನೋಡಿ. ಸುಮ್ನೆ ರಿಜಿಸ್ಟ್ರೇಷನ್ ತಾರೀಕು ನೋಡಿದರೆ ಹಳೆ ಸ್ಟಾಕೂ ಹೊಸದಾಗಿ ಕಾಣುತ್ತದೆ.